ಕಲಬುರಗಿ ಸೀಮೆಯ ಕನ್ನಡದಲ್ಲಿ ‘ನಾರಾಜ’: ಅರ್ಥ ಮತ್ತು ಬಳಕೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪರಿಸರದ ಆಡುಗನ್ನಡದಲ್ಲಿ ‘ನಾರಾಜ’ ದಿನಬಳಕೆಯ ಪದ. ಇದಕ್ಕೆ ‘ಅತೃಪ್ತ’, ‘ಅಸಮಾಧಾನಗೊಂಡ’ ಎಂದು ಅರ್ಥ ಹೇಳುವುದು ರೂಢಿ. ಈ ಸಮಾನಪದಗಳು ಪದದ ಪ್ರಯೋಗ ನಿಯಮವನ್ನು ತಿಳಿಸುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

1. ನಿಷ್ಪತ್ತಿ

ಅರಬ್ಬಿ ಮೂಲದ ‘ರಾಜಿ’ (ಒಪ್ಪಿದ, ಸಂತುಷ್ಟ) ಎಂಬುದಕ್ಕೆ ಫಾರಸಿಯ ನಿಷೇಧಾರ್ಥಕ ‘ನಾ’ ಸೇರಿ ‘ನಾರಾಜಿ’ ಆಯಿತು. ಫಾರಸಿಯಲ್ಲಿ ಇದು ಗುಣವಾಚಕ. ಉರ್ದುವಿನಲ್ಲಿ ‘ನಾರಾಜ್’ ಗುಣವಾಚಕವಾಗಿಯೂ ‘ನಾರಾಜಿ’ ಭಾವನಾಮವಾಗಿಯೂ ಬೇರ್ಪಟ್ಟವು. ಕಲಬುರಗಿ ಕನ್ನಡದ ರೂಪವು ಈ ಉರ್ದು ಗುಣವಾಚಕಕ್ಕೆ ಹೊಂದುತ್ತದೆ. 1948ರವರೆಗೆ ಈ ಪ್ರದೇಶವು ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಮರಾಠಿ ಮತ್ತು ತೆಲಂಗಾಣದ ತೆಲುಗಿನಲ್ಲಿಯೂ ಪದವು ಬಳಕೆಯಲ್ಲಿದೆ. ಬರಹಗನ್ನಡದಲ್ಲಿ ‘ರಾಜಿ’ ಮುಖ್ಯವಾಗಿ ‘ಒಪ್ಪಂದ’ ಎಂಬ ನಾಮಪದವಾಗಿ ನೆಲೆನಿಂತಿರುವುದರಿಂದ ಅಲ್ಲಿ ಇವೆರಡೂ ನೇರ ವಿರುದ್ಧಪದಗಳಾಗಿ ಉಳಿದಿಲ್ಲ.

2. ವಾಕ್ಯರಚನೆ

(1) ಅಕ್ಕಗ ಬ್ಯಾಸರ ಆಗ್ಯಾದ.
(2) ಅಕ್ಕ ತಮ್ಮನ ಮ್ಯಾಲ ನಾರಾಜ ಆಗ್ಯಾಳ.
(3) *ಅಕ್ಕಗ ನಾರಾಜ ಆಗ್ಯಾದ.

‘ಬ್ಯಾಸರ’ದ ಅನುಭವಿ ಚತುರ್ಥಿಯಲ್ಲಿರುತ್ತಾನೆ, ‘ನಾರಾಜ’ದ ಅನುಭವಿ ಪ್ರಥಮೆಯಲ್ಲಿದ್ದು ಕ್ರಿಯಾಪದದೊಡನೆ ಲಿಂಗ ವಚನಗಳಲ್ಲಿ ಹೊಂದಿಕೊಳ್ಳುತ್ತಾನೆ. ಇದು ಉರ್ದುವಿನ ರಚನೆಗೆ ಸಮೀಪದ್ದು. ಆದರೆ ಉರ್ದುವಿನ ‘ಸೇ’ ಎಂಬುದರ ಜಾಗದಲ್ಲಿ ‘ಇಂದ’ ಬಾರದೆ, ‘ಸಿಟ್ಟು’ ಪದದ ಮಾದರಿಯಲ್ಲಿ ‘ಮ್ಯಾಲ’ ಬಂದಿದೆ. ಪದ ಎರವಲಾದರೂ ಸಂಬಂಧಸೂಚಕ ದೇಶ್ಯವೇ.

3. ಅರ್ಥ

(4) ಲಗ್ನಕ್ಕ ಕರಿಲಿಲ್ಲಂತ ಬೀಗರು ನಾರಾಜ ಆಗ್ಯಾರ.

ಇಲ್ಲಿ ಮೂರು ಅಂಶಗಳಿವೆ: ಇಬ್ಬರ ನಡುವಣ ಸಂಬಂಧ, ಆ ಸಂಬಂಧದಿಂದ ಹುಟ್ಟಿದ ನಿರೀಕ್ಷೆ, ಅದರ ಭಂಗ. ಅಪರಿಚಿತನ ಮೇಲೆ ಸಿಟ್ಟು ಬರಬಹುದು. ನಾರಾಜ ಆಗಲು ಹಕ್ಕಿನ ನಂಟು ಬೇಕು. ಮಳೆ ಬಾರದಿದ್ದರೆ ರೈತನಿಗೆ ‘ಬ್ಯಾಸರ’. ಮಳೆಯ ಮೇಲೆ ಅವನು ‘ನಾರಾಜ’ ಆಗುವುದಿಲ್ಲ. ಆದರೆ ‘ದೇವರು ನಾರಾಜ ಆಗ್ಯಾನ’ ಎಂಬುದು ಸಹಜ, ಏಕೆಂದರೆ ಅಲ್ಲಿ ನಡೆದುಕೊಳ್ಳಬೇಕಾದ ಹರಕೆಯ ನಂಟಿದೆ. ಏನನ್ನಾದರೂ ನಿರಾಕರಿಸುವ ಮುನ್ನ ‘ನಾರಾಜ ಆಗಬ್ಯಾಡ್ರಿ’ ಎನ್ನುವುದು ಆ ನಂಟನ್ನು ಕಾಪಾಡುವ ಸೌಜನ್ಯೋಕ್ತಿ.

4. ಫಲಿತ

ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ‘ಅಸಮಾಧಾನ’ಕ್ಕೆ ಬದಲಾಗಿ ‘ನಾರಾಜ’ ಬಳಸಿದರೆ ಪ್ರಶ್ನೆಯೇ ಬದಲಾಗುತ್ತದೆ. ನೀರಿನ ಪೂರೈಕೆಯ ಬಗ್ಗೆ ಕೇಳಿದಾಗ ‘ನಾರಾಜ ಇಲ್ರಿ’ ಎಂಬ ಉತ್ತರ ಬಂದರೆ, ಪೂರೈಕೆ ತೃಪ್ತಿಕರ ಎಂದು ಅದರ ಅರ್ಥವಲ್ಲ. ನೀರು ಬಿಡುವವನೊಡನೆ ಮನಸ್ತಾಪವಿಲ್ಲ ಎಂದಷ್ಟೇ ಆಗಬಹುದು. ಆದ್ದರಿಂದ ಉಪಭಾಷಾ ಕೋಶಗಳು ಈ ಪದಕ್ಕೆ ಸಮಾನಪದವನ್ನಷ್ಟೇ ಕೊಡದೆ, ಯಾರು ಯಾರ ಮೇಲೆ, ಯಾವ ನಂಟಿನಿಂದ ಎಂಬುದನ್ನೂ ನಮೂದಿಸಬೇಕು.