ಕಡಲಿನ ಪ್ರವಾಹಗಳೂ ಮೀನಿನ ಎಳೆಮರಿಗಳೂ

ತುಂಗಾತೀರದ ಶಿವಮೊಗ್ಗೆಗೂ ಭದ್ರಾತೀರದ ಭದ್ರಾವತಿಗೂ ಕಡಲು ದೂರವೇ ಸರಿ. ಆದರೂ ಮೀನುಣ್ಣುವ ಮನೆಗಳಲ್ಲಿ ಘಟ್ಟವೇರಿ ಬರುವ ಬೂತಾಯಿಯನ್ನು ಅರಿಯದವರಿಲ್ಲ. ಇದು ಒಂದು ವರ್ಷ ಬುಟ್ಟಿಗಟ್ಟಲೆ ಬಂದು, ಮತ್ತೊಂದು ವರ್ಷ ದುರ್ಲಭವಾಗುವುದೇಕೆಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರೂ ಪೋಷಕರೂ ತಿಳಿಯುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಬೂತಾಯಿಯು ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಒಂದೊಂದು ತಾಯಿಮೀನು ಸಾವಿರಾರು ಮೊಟ್ಟೆಗಳನ್ನು ನೀರಿನಲ್ಲಿ ಬಿಡುವುದು. ಸುಮಾರು ಒಂದು ದಿನದಲ್ಲಿ ಮರಿಯು ಹೊರಬರುತ್ತದೆ. ಅದು ಕೆಲವೇ ಮಿಲಿಮೀಟರ್ ಉದ್ದದ, ಕೂದಲೆಳೆಯಂತಹ ಜೀವಿ. ನೀರಿನ ಸೆಳೆತಕ್ಕೆ ಎದುರಾಗಿ ಈಜಲಾರದು. ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಅದರ ಹೊಟ್ಟೆಯಡಿಯಲ್ಲಿರುವ ಆಹಾರದ ಚೀಲವು ಎರಡು ಮೂರು ದಿನಗಳಲ್ಲಿ ಬರಿದಾಗುತ್ತದೆ. ಅಷ್ಟರೊಳಗೆ ಬೇರೆ ಆಹಾರ ದೊರೆಯದಿದ್ದರೆ ಮರಿಯು ಉಳಿಯದು. ನಾರ್ವೆ ದೇಶದ ವಿಜ್ಞಾನಿ ಯೋಹಾನ್ ಯೋರ್ಟ್ ಎಂಬವರು 1914ರಲ್ಲಿಯೇ, ಮೀನಿನ ಸಮೃದ್ಧಿಯೂ ಕ್ಷಾಮವೂ ಈ ಎಳೆತನದಲ್ಲಿಯೇ ನಿರ್ಣಯವಾಗುವುವೆಂದು ತರ್ಕಿಸಿದರು. ಹಸಿವು ಒಂದು, ಹೊರಗಡಲಿಗೆ ಕೊಚ್ಚಿಹೋಗುವುದು ಇನ್ನೊಂದು. ಹೀಗೆ ಎರಡು ಅಪಾಯಗಳನ್ನು ಅವರು ಸೂಚಿಸಿದರು.

ಇವೆರಡೂ ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದೇ ಕಾರಣದೊಡನೆ ಹೆಣೆದುಕೊಂಡಿವೆ. ಮುಂಗಾರಿನ ಗಾಳಿಯೂ ಭೂಮಿಯ ಭ್ರಮಣವೂ ಸೇರಿ ಕಡಲಿನ ಮೇಲ್ನೀರನ್ನು ದಡದಿಂದ ಪಡುವಣಕ್ಕೆ ಸರಿಸುತ್ತವೆ. ತೆರವಾದ ಸ್ಥಳಕ್ಕೆ ಆಳದ ತಣ್ಣೀರು ಮೇಲೇರಿ, ಪೋಷಕ ಲವಣಗಳನ್ನು ಬಿಸಿಲು ಬೀಳುವೆಡೆಗೆ ತರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳೂ, ಅವನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳೂ ಹೆಚ್ಚಿ ಮರಿಗಳಿಗೆ ಉಣಿಸಾಗುತ್ತವೆ. ಈ ಮೇಲೇರುವಿಕೆ ಕುಂದಿದರೆ ಆಹಾರ ಸಾಲದು. ಮಿತಿಮೀರಿದರೆ ಮರಿಗಳು ಮೇಲ್ನೀರಿನೊಡನೆ ದೂರ ಸಾಗಿಹೋಗುವುವು. ಇದಲ್ಲದೆ, ಅದೇ ಋತುವಿನಲ್ಲಿ ಕರಾವಳಿಯುದ್ದಕ್ಕೂ ಪ್ರವಾಹವು ದಕ್ಷಿಣಾಭಿಮುಖವಾಗಿ ಹರಿದು, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುವುದು. ಆದಕಾರಣ ಮಂಗಳೂರಿನೆದುರು ಹುಟ್ಟಿದ ಮರಿಯು ಕೇರಳದತ್ತ ತೇಲಿಹೋಗಲೂಬಹುದು.

ಪ್ರಕೃತಿಯ ಈ ಏರಿಳಿತದೊಡನೆ ಮನುಷ್ಯನ ಅತ್ಯಾಶೆಯೂ ಸೇರಿದರೆ ಹಾನಿಯು ಇಮ್ಮಡಿಸುವುದು. 1940ರ ದಶಕದಲ್ಲಿ ಈ ತೀರದ ಬೂತಾಯಿ ಬಹಳವಾಗಿ ಕ್ಷೀಣಿಸಿತು. 1943ರಲ್ಲಿ ಅಂದಿನ ಮದರಾಸು ಸರ್ಕಾರವು ಎಳೆಯ ಬೂತಾಯಿಯನ್ನು ಹಿಡಿಯುವುದಕ್ಕೆ ನಿರ್ಬಂಧ ವಿಧಿಸಿತು. ಇಂದು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೊಟ್ಟೆಯಿಡುವ ಮೀನುಗಳಿಗೆ ಬಿಡುವು ಕೊಡುವುದು ಇದರ ಉದ್ದೇಶ.

ಗಾಳಿಯೂ ಕಡಲೂ ದೇವರ ಅಪ್ಪಣೆಗೆ ಒಳಪಟ್ಟವು. ಅವನ್ನು ನಾವು ತಿರುಗಿಸಲಾರೆವು. ಆದರೆ ಮಳೆಗಾಲದಲ್ಲಿ ಮೀನು ವಿರಳವಾದಾಗ ಗೊಣಗದೆ ತಾಳುವುದೂ, ಇನ್ನೂ ಬಲಿಯದ ಕಿರುಮೀನನ್ನು ಮಾರಲು ತಂದಾಗ ಕೊಳ್ಳದಿರುವುದೂ ನಮ್ಮ ಕೈಯಲ್ಲಿಯೇ ಇವೆ. ಗೃಹಿಣಿಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ತಮ್ಮ ಮಕ್ಕಳಿಗೂ ತಿಳಿಸುವರೆಂದು ನಂಬುತ್ತೇನೆ.