ಪಠಣದಲ್ಲಿ ಉಳಿದ ಭಾಷೆ

ಕೋಟೇಶ್ವರದ ಕೋಟಿಲಿಂಗೇಶ್ವರ ದೇವಾಲಯದಲ್ಲಿ ಮಂತ್ರಘೋಷಕ್ಕೆ ಕಿವಿಗೊಡುವವರೆಲ್ಲರೂ ಅದರ ಅರ್ಥವನ್ನು ಬಲ್ಲವರಲ್ಲ. ಆದರೂ ಸ್ವರ ತಪ್ಪಿದರೆ ಮಂತ್ರ ಕೆಡುವುದೆಂಬ ನಂಬಿಕೆ ಅವರಲ್ಲಿ ಬೇರೂರಿದೆ. ಇಂಥದೇ ನಂಬಿಕೆಯಿಂದ ಬದುಕಿ ಬಂದ ಇನ್ನೊಂದು ಭಾಷೆ ಅವೆಸ್ತಾ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ನೆಲೆಗೊಂಡ ಪಾರಸಿಗಳ ಅಗ್ನಿಮಂದಿರದಲ್ಲಿ ಪ್ರಾರ್ಥನೆ ನಡೆಯುವುದು ಆ ಭಾಷೆಯಲ್ಲಿಯೇ.

ಅವೆಸ್ತಾ ಪ್ರಾಚೀನ ಇರಾನೀ ಭಾಷೆಗಳಲ್ಲಿ ಒಂದು, ವೇದಭಾಷೆಗೆ ಸೋದರಿ. ಹಳಗನ್ನಡದ ‘ಪಾಲು’ ಮುಂದೆ ‘ಹಾಲು’ ಆದುದನ್ನು ನಾವು ಬಲ್ಲೆವು. ಹಾಗೆಯೇ ಸಂಸ್ಕೃತ ಉಳಿಸಿಕೊಂಡ ಮೂಲದ ಸಕಾರ ಅವೆಸ್ತಾದಲ್ಲಿ ಹಲವೆಡೆ ಹಕಾರವಾಯಿತು. ನಮ್ಮ ಸಪ್ತ ಅಲ್ಲಿ ಹಪ್ತ, ಸೋಮ, ಹಓಮ, ಅಸುರ, ಅಹುರ. ಯಜ್ಞಕ್ಕೆ ಅಲ್ಲಿ ಯಸ್ನವೆಂದು ಹೆಸರು. ಆದರೆ ಮಾತು ಒಂದಾದರೂ ಭಾವ ಬೇರೆಯಾಯಿತು: ಅಹುರ ಮಜ್ದಾ ಅವರಿಗೆ ಪರಮದೈವ, ‘ದಏವ’ ಎಂದರೆ ಕೆಡುಕಿನ ಶಕ್ತಿ.

ಯಸ್ನಕ್ಕೆ 72 ಅಧ್ಯಾಯಗಳು. ಪಾರಸಿಗಳು ಸೊಂಟಕ್ಕೆ ಸುತ್ತಿಕೊಳ್ಳುವ ಕುಸ್ತಿಯೆಂಬ ದಾರದ 72 ಎಳೆಗಳು ಅವನ್ನೇ ನೆನಪಿಸುತ್ತವೆ. ಜರತುಷ್ಟ್ರನವೆಂದು ಸಂಪ್ರದಾಯ ಹೇಳುವ 17 ಗಾಥಾಸೂಕ್ತಗಳು ಇದರೊಳಗೇ ಇವೆ. ಇವೆಲ್ಲವೂ ಶತಮಾನಗಳ ಕಾಲ ಬಾಯಿಂದ ಬಾಯಿಗೆ ಸಾಗಿಬಂದವು. ಸಾಸಾನೀ ಅರಸರ ಕಾಲದಲ್ಲಿ ಬರಹಕ್ಕಿಳಿದಾಗ, ಅವೆಸ್ತಾ ಯಾರ ಮನೆಮಾತೂ ಆಗಿರಲಿಲ್ಲ. ಆದುದರಿಂದಲೇ ಪುರೋಹಿತರ ಉಚ್ಚಾರವನ್ನು ಹಿಡಿದಿಡಲು ಐವತ್ತಕ್ಕೂ ಮಿಕ್ಕ ಅಕ್ಷರಗಳ ಹೊಸ ಲಿಪಿಯನ್ನು ರೂಪಿಸಬೇಕಾಯಿತು.

ಅಂದು ಸಂಗ್ರಹವಾದುದು 21 ಭಾಗಗಳ ಮಹಾಗ್ರಂಥ. ಇಂದು ಉಳಿದಿರುವುದು ಅದರ ಕಾಲುಭಾಗದಷ್ಟು ಮಾತ್ರ. ಹಾಗೆ ಉಳಿದುದಾದರೂ ಯಾವುದು? ಬಹುಮಟ್ಟಿಗೆ, ಅಗ್ನಿಯ ಮುಂದೆ ಪಠಿಸುತ್ತ ಬಂದ ಭಾಗ. ಗ್ರಂಥದಲ್ಲಷ್ಟೇ ಇದ್ದುದು ಕಾಲನ ಪಾಲಾಯಿತು. ನಾಲಗೆಯ ಮೇಲಿದ್ದುದು ಉಳಿಯಿತು.

ಈ ನಡುವೆ ಅರ್ಥ ಮಸುಕಾಗಿತ್ತು. ಮಧ್ಯಯುಗದಲ್ಲಿ ನೇರ್ಯೋಸಂಗ ಧವಲನೆಂಬ ಪಾರಸಿ ಪಂಡಿತ ಪಹ್ಲವಿ ವ್ಯಾಖ್ಯಾನದ ನೆರವಿನಿಂದ ಯಸ್ನವನ್ನು ಸಂಸ್ಕೃತಕ್ಕೆ ತಂದನು. ಸೂರತ್ತಿನಲ್ಲಿ ಪಾರಸಿ ಪುರೋಹಿತರಿಂದ ಕಲಿತ ಆಂಕ್ತಿಲ್ ದ್ಯುಪೆರೋನ್ 1771ರಲ್ಲಿ ಫ್ರೆಂಚ್ ಅನುವಾದವನ್ನು ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ವೇದದ ವ್ಯಾಕರಣವನ್ನು ಪಕ್ಕದಲ್ಲಿಟ್ಟುಕೊಂಡು ಗಾಥೆಗಳನ್ನು ಬಿಡಿಸತೊಡಗಿದರು. ಅರ್ಥ ತಿಳಿಯದೆಯೂ ಶಬ್ದವನ್ನು ಕೆಡದಂತೆ ಕಾಯ್ದವರಿಲ್ಲದಿದ್ದರೆ, ಬಿಡಿಸಲು ಅವರಿಗೆ ಉಳಿಯುತ್ತಿದ್ದುದಾದರೂ ಏನು?

2011ರ ಜನಗಣತಿಯಲ್ಲಿ ಭಾರತದ ಪಾರಸಿಗಳ ಸಂಖ್ಯೆ 57,264. ಅವೆಸ್ತಾ ಇಂದು ಅಚ್ಚಾಗಿ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿದೆ. ಆದರೆ ಗ್ರಂಥವನ್ನೇ ನೆಚ್ಚಿದ ಭಾಗ ಒಮ್ಮೆ ಏನಾಯಿತೆಂಬುದನ್ನು ಅದರ ಚರಿತ್ರೆಯೇ ಹೇಳುತ್ತದೆ. ಅಗ್ನಿಗೆ ಗಂಧದ ಚಕ್ಕೆಯನ್ನಿತ್ತು ಪಠಿಸುವ ಪುರೋಹಿತನ ಬಳಿ ಕಲಿಯಲು ಒಬ್ಬ ಬಾಲಕ ಕುಳಿತಿರುವವರೆಗೆ ಮಾತ್ರ ಆ ಭಾಷೆಗೆ ದನಿಯುಂಟು.