ಕಾಸು ಕೊಟ್ಟು ಬೆವರು ಸುರಿಸುವುದೇಕೆ?

ರಜೆ ಬಂತೆಂದರೆ ಕಾಲು ಚಾಚಿ ಮಲಗುವುದು ಬಿಟ್ಟು, ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹತ್ತಲು ಮಕ್ಕಳು ಹೊರಡುತ್ತಾರೆ. 'ದುಡ್ಡು ಕೊಟ್ಟು ಕಷ್ಟಪಡುವುದರಲ್ಲಿ ಅದೇನು ಸುಖವೋ!' ಎಂದು ಹೆತ್ತವರು ಗೊಣಗುತ್ತಾರೆ. ಗೊಣಗಾಟದಲ್ಲಿ ಅರ್ಥವಿಲ್ಲದಿಲ್ಲ.

ಮೊದಲು ಕಷ್ಟದ ಲೆಕ್ಕವನ್ನೇ ನೋಡೋಣ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೊರಟವರು ಸುಮಾರು 1,500 ಮೀಟರ್ ಮೇಲೇರಬೇಕು. ಹುಡುಗನ ತೂಕ 50 ಕಿಲೋ ಎಂದಿಟ್ಟುಕೊಳ್ಳಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ 7,35,000 ಜೂಲ್, ಅಂದರೆ ಸುಮಾರು 175 ಕಿಲೋಕ್ಯಾಲರಿ. ಇಷ್ಟೇ ತಾನೆ ಎನ್ನಬೇಡಿ. ನಮ್ಮ ಸ್ನಾಯುಗಳು ತಮಗೆ ಸಿಕ್ಕ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿಸುತ್ತವೆ. ಹಾಗಾಗಿ ನಿಜವಾದ ಖರ್ಚು 700 ಕಿಲೋಕ್ಯಾಲರಿ; ಅದರಲ್ಲಿ 525 ಬರೀ ಶಾಖ. ಆ ಶಾಖವನ್ನೆಲ್ಲ ಬೆವರೇ ಹೊರಹಾಕಬೇಕಾದರೆ ಸುಮಾರು 900 ಮಿಲಿಲೀಟರ್ ಬೆವರು ಮೈಮೇಲೆ ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಇದರಲ್ಲಿ ಸೇರಿಲ್ಲ. ಬೆನ್ನಿನ ಚೀಲ, ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲಿನ ಬಯಲಿನ ಬಿಸಿಲು ಇವೂ ಸೇರಿಲ್ಲ.

ಇಷ್ಟು ತೆತ್ತ ದೇಹಕ್ಕೆ ಸಿಗುವುದೇನು? ಬಹುಕಾಲ ಎಲ್ಲರೂ ಎಂಡಾರ್ಫಿನ್ ಕಡೆಗೆ ಬೊಟ್ಟು ಮಾಡುತ್ತಿದ್ದರು. ದೇಹ ತಾನೇ ತಯಾರಿಸಿಕೊಳ್ಳುವ ನೋವುಶಾಮಕ ಅದು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮೆದುಳಿನೊಳಕ್ಕೆ ಸುಲಭವಾಗಿ ಹೋಗಲಾರದು. 1992ರಲ್ಲಿ ಜೆರುಸಲೇಮಿನ ರಾಫೆಲ್ ಮೆಕೋಲಮ್ ಅವರ ತಂಡ ಹಂದಿಯ ಮೆದುಳಿನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿ 'ಆನಂದಮೈಡ್' ಎಂದು ಹೆಸರಿಟ್ಟಿತು. ಹೌದು, ಸಂಸ್ಕೃತದ 'ಆನಂದ'ವೇ! ಎಡೆಬಿಡದ ಓಟದ ನಂತರ ಇದರ ಪ್ರಮಾಣ ರಕ್ತದಲ್ಲಿ ಏರುವುದು ಕಂಡುಬಂದಿದೆ. ಮೆದುಳಿಗೂ ಇದು ಸಲೀಸಾಗಿ ಸೇರುತ್ತದೆ.

ಆದರೆ ರಾಸಾಯನಿಕವೇ ಎಲ್ಲವೂ ಆಗಿದ್ದರೆ, ಹಗಲೆಲ್ಲ ಮೂಟೆ ಹೊರುವ ಹಮಾಲಿ ಸಂಜೆಗೆ ಆನಂದದಲ್ಲಿ ತೇಲಬೇಕಿತ್ತು. ಅವನಿಗೆ ಈ ಕತೆ ಹೇಳಿ ನೋಡಿ, ಏನೆನ್ನುತ್ತಾನೋ! ನನಗೆ ತೋರುವಂತೆ ಗುಟ್ಟು ಇರುವುದು 'ಇದು ನಾನೇ ಆರಿಸಿಕೊಂಡ ಕಷ್ಟ' ಎಂಬಲ್ಲಿ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಸಂಶೋಧಕರು ಪಂಜರದ ಇಲಿಗಳು ಓಡುವಂಥ ಚಕ್ರವನ್ನು ಬಯಲಿನಲ್ಲಿಟ್ಟು ಕಾದರು. ಕಾಡಿಲಿಗಳು ತಾವಾಗಿ ಬಂದು ಓಡಿದವು. ತಿನಿಸು ಇಡುವುದನ್ನು ನಿಲ್ಲಿಸಿದ ಮೇಲೂ ಬಂದು ಓಡಿದವು. 2014ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ ಕಪ್ಪೆಗಳೂ ಚಕ್ರ ಏರಿದ್ದವಂತೆ.

ಮೈದಾನ ಎರಡು ಸುತ್ತು ಹಾಕು ಎಂದರೆ ಹೊಟ್ಟೆನೋವು ಎನ್ನುವ ಹುಡುಗನೇ ಗೆಳೆಯರೊಡನೆ ಬೆಟ್ಟದಲ್ಲಿ ಎಲ್ಲರಿಗಿಂತ ಮುಂದಿರುವುದನ್ನು ನಾನು ನೋಡಿದ್ದೇನೆ. ಅಪ್ಪನ ಬಲವಂತಕ್ಕೆ ಬಂದವನು ಅರ್ಧ ದಾರಿಯಲ್ಲಿ ಕುಳಿತು ಅತ್ತದ್ದನ್ನೂ ನೋಡಿದ್ದೇನೆ. ಬೆಟ್ಟ ಒಂದೇ, ಲೆಕ್ಕದ ಜೂಲ್‌ಗಳೂ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆ ಶಿಬಿರದ ಸರ್ಟಿಫಿಕೇಟಿಗಾಗಿ ಮಕ್ಕಳನ್ನು ಅಟ್ಟುವ ಪೋಷಕರು ಇದನ್ನು ಗಮನಿಸಬೇಕು. ಆಸೆಪಟ್ಟು ಹೊರಟ ಮಗಳನ್ನು ಟ್ಯೂಷನ್ ತಪ್ಪುತ್ತದೆಂದು ತಡೆಯುವವರೂ ಗಮನಿಸಬೇಕು.

ಹೊರಡುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ತಲಾ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಲಿ. ಮರುದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾದರೆ ಗಾಬರಿ ಬೇಡ. ಅದು ಹತ್ತಿದ್ದಕ್ಕಿಂತ ಇಳಿದದ್ದರ ಫಲ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗಿ, ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ನೋವು ಒಂದೆರಡು ದಿನ ಏರಿ, ವಾರದೊಳಗೆ ಇಳಿಯುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.